ನೋಡ್ಲಿ ಬಿಡಿ

ಪ್ರವೀಣ ಸಕಲೇಶಪುರದಿಂದ ವಿಸಿಡಿ ಪ್ಲೇಯರ್ ತಂದ ಭಾನುವಾರ ಹೆಗ್ಗದ್ದೆಯ ಆ ಮನೆಯಲ್ಲಿ ಮಧ್ಯಾಹ್ನದ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಅದನ್ನು ಯಾರೂ ಎತ್ತಿ ಆಡಲಿಲ್ಲ. ಬೆಟ್ಟಮ್ಮ ಉಪ್ಪಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮೊದಲು ತಮ್ಮ ತಟ್ಟೆಗೆ, ಆಮೇಲೆ ಮಗನ ತಟ್ಟೆಗೆ, ಕೊನೆಗೆ ಮೊಮ್ಮಗಳ ತಟ್ಟೆಗೆ ಚಿಟಿಕೆ ಚಿಟಿಕೆ ಉದುರಿಸಿದರು. ಸೊಸೆ ಪುಷ್ಪಾ ಮಾತ್ರ ಸಪ್ಪೆ ಸಾರನ್ನೇ ಕಲಸಿಕೊಂಡು ಉಂಡಳು.

ಹೋದ ವರ್ಷದ ಮಳೆಗಾಲದಲ್ಲಿ ಗಂಡ ಪ್ರತಾಪನ ಜೀಪು ಘಾಟಿಯ ತಿರುವಿನಲ್ಲಿ ಮಗುಚಿದಂದಿನಿಂದ ಪುಷ್ಪಾಳ ನಾಲಿಗೆಗೆ ಉಪ್ಪು ಖಾರ ಯಾವುದೂ ತಿಳಿಯುತ್ತಿರಲಿಲ್ಲ. ಅಡುಗೆ ಮಾಡುತ್ತಿದ್ದಳು, ಹಾಲು ಕರೆಯುತ್ತಿದ್ದಳು, ತೋಟದ ಆಳುಗಳಿಗೆ ಕಾಫಿ ಕಾಯಿಸಿ ಕಳಿಸುತ್ತಿದ್ದಳು. ಒಂದು ಕೆಲಸವನ್ನೂ ಬಿಟ್ಟಿರಲಿಲ್ಲ, ಒಂದು ದಿನವೂ ಅತ್ತಿರಲಿಲ್ಲ. ಊರವರು ಗಟ್ಟಿ ಹೆಂಗಸು ಎಂದು ಹೊಗಳಿ ತಮ್ಮ ಪಾಡಿಗೆ ತಾವು ಹೋಗಿದ್ದರು. ಅವರಿಗೇನು, ಆ ಸಾರು ಉಣ್ಣಬೇಕಾದವರು ಅವರಲ್ಲವಲ್ಲ.

ಪ್ರವೀಣ ಪ್ರತಾಪನ ತಮ್ಮ. ಮದುವೆ ಇನ್ನೂ ಆಗಿರಲಿಲ್ಲ. ಅಣ್ಣ ಹೋದ ಮೇಲೆ ತೋಟ, ಆಳು, ಗೊಬ್ಬರ ಎಲ್ಲ ಅವನ ಹೆಗಲಿಗೆ ಬಿದ್ದಿತ್ತು. ಮನೆಯ ಮೌನ ಒಂದು ಕಾಯಿಲೆಯೆಂದೂ ಏನಾದರೂ ಸದ್ದು ಮಾಡುವ ವಸ್ತು ತಂದಿಟ್ಟರೆ ಅದು ವಾಸಿಯಾಗುತ್ತದೆಂದೂ ಅವನು ನಂಬಿದ್ದ.

"ಏನೋ ಅದು ಪೆಟ್ಗೆ?" ಎಂದರು ಬೆಟ್ಟಮ್ಮ.

"ಸಿನಿಮಾ ಹಾಕೋದು ಕಣವ್ವ. ಚೈತ್ರಂಗೆ ಅಂತ ತಂದೆ. ಅವಳ ಕ್ಲಾಸಿನ ಮಕ್ಳೆಲ್ಲ ಈ ಸಿನಿಮಾ ನೋಡ್ಬುಟ್ಟವ್ರೆ."

ಎಂಟು ವರ್ಷದ ಚೈತ್ರಶ್ರೀ ಊಟದ ಕೈಯಲ್ಲೇ ಸೀಡಿಯ ಕವರನ್ನು ಕಿತ್ತುಕೊಂಡಳು. ಅದರ ಮೇಲೆ ಕೆರೆಯ ನೀರಿನಿಂದ ಮೇಲೇಳುತ್ತಿದ್ದ ಒಬ್ಬ ಸೈನಿಕನ ಚಿತ್ರ. ಮುಖದ ತುಂಬ ಒದ್ದೆ ಬಟ್ಟೆ ಸುತ್ತಿತ್ತು. ಬಟ್ಟೆಯ ಸಂದಿಯಲ್ಲಿ ಒಂದೇ ಒಂದು ಕಣ್ಣು ಕಾಣುತ್ತಿತ್ತು.

"ಅಯ್ಯೋ ನಿನ್ ಮನೆ ಕಾಯ್ವಾಗ! ಇದನ್ನ ಹೆಣ್ಮಗೀಗೆ ತೋರಿಸ್ತೀಯೇನೋ?"

"ಒಳ್ಳೆ ಕಥೆ ಕಣವ್ವ. ಒಬ್ಳು ಹುಡ್ಗಿ ಶಂಖ ಊದ್ತಾಳೆ. ಕೆರೆ ತಳದಾಗೆ ಮುಳುಗಿದ್ದ ಸೈನ್ಯ ಎದ್ದು ಬಂದು ಅವಳ ಊರು ಕಾಯ್ತೈತೆ."

"ಮುಳುಗಿ ಸತ್ತೋರು ಎದ್ದು ಬರೋದು ಒಳ್ಳೆ ಕಥೆನಾ?"

"ನಮಗೆ ಗುಮ್ಮ ಬಂತು ಗುಮ್ಮ ಬಂತು ಅಂತ್ಲೇ ಅನ್ನ ತಿನ್ಸಿದ್ಯಲ್ಲ, ಆವಾಗ ನಮ್ಮ ವಯಸ್ಸು ಕೇಳಿದ್ಯಾ?"

"ಗುಮ್ಮ ಕಣ್ಣಿಗೆ ಕಾಣ್ತಿರ್ಲಿಲ್ಲ ಕಣೋ. ಇದು ಕಾಣ್ತೈತೆ."

"ಅಜ್ಜಿ, ನಾನು ಹೆದ್ರಲ್ಲ. ಪಕ್ಕದ ಸುಮಿತ್ರಮ್ಮನ ಮನೆ ಶೃತಿ ಎರಡು ಸತಿ ನೋಡವ್ಳೆ," ಎಂದಳು ಚೈತ್ರ.

ತಾಯಿ ಮಗ ಇಬ್ಬರೂ ಸೋಲುವವರಲ್ಲ. ವಾದ ಮಜ್ಜಿಗೆಯ ತನಕ ನಡೆಯಿತು. ಕೊನೆಗೆ ಪ್ರವೀಣ, "ಅತ್ತಿಗೆ, ಮಗು ನಿಮ್ದು. ನೀವೇ ಹೇಳಿ," ಎಂದ. ಮೂವರೂ ಪುಷ್ಪಾಳ ಕಡೆ ತಿರುಗಿದರು.

ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು. ಮಗಳು ಅಳುತ್ತಿದ್ದಳು, ಅವಳನ್ನು ಸಮಾಧಾನ ಮಾಡಬೇಕಾಗುತ್ತಿತ್ತು. ಹೂಂ ಎಂದರೆ ಯಾವ ಖರ್ಚೂ ಇಲ್ಲ.

"ನೋಡ್ಲಿ ಬಿಡಿ," ಎಂದು ಪುಷ್ಪಾ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಸಿನಿಮಾ ಹಿಂದಿಯಲ್ಲಿತ್ತು. ಪ್ರವೀಣನಿಗೆ ಬರುವ ಹಿಂದಿ ಗೊಬ್ಬರದ ಲಾರಿಯವರ ಜೊತೆ ಜಗಳಕ್ಕೆ ಸಾಕಾಗುವಷ್ಟು. ಅದನ್ನೇ ಹಿಡಿದುಕೊಂಡು ಧೈರ್ಯವಾಗಿ ಕಥೆ ಹೇಳುತ್ತ ಹೋದ. ಬೆಟ್ಟಮ್ಮ ತಾವು ಇಂಥದ್ದನ್ನೆಲ್ಲ ನೋಡುವವರಲ್ಲ ಎಂದು ಟೀವಿಗೆ ಬೆನ್ನು ಮಾಡಿ ಕೂತು, ಸದ್ದು ಜೋರಾದಾಗಲೆಲ್ಲ ತಿರುಗಿ ನೋಡಿದರು. ಪುಷ್ಪಾ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಸೈನ್ಯ ನೀರಿನಿಂದ ಏಳುವ ಹೊತ್ತಿಗೆ ಚೈತ್ರ ಸರಿದು ಬಂದು ಅಮ್ಮನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು. ಅದು ಪುಷ್ಪಾಳಿಗೆ ಗೊತ್ತಾಯಿತು. ಗೊತ್ತಾಗಿಯೂ ಅವಳು ಕಲ್ಲು ಆರಿಸುತ್ತಲೇ ಇದ್ದಳು.

"ಹೆದ್ರಿಕೆ ಆಯ್ತೇನೇ?" ಎಂದು ಪ್ರವೀಣ ಕೇಳಿದಾಗ ಚೈತ್ರ ಇಲ್ಲವೆಂದು ತಲೆಯಾಡಿಸಿದಳು.

"ನೋಡ್ದ್ಯೇನವ್ವ? ನಿನಗಿಂತ ಅವಳೇ ಗಟ್ಟಿಗಿತ್ತಿ!"

ಗಟ್ಟಿಗಿತ್ತಿಯ ಬಣ್ಣ ಆ ವಾರದಲ್ಲೇ ಬಯಲಾಯಿತು. ಚೈತ್ರ ಬಚ್ಚಲಿಗೆ ಒಬ್ಬಳೇ ಹೋಗುವುದನ್ನು ಬಿಟ್ಟಳು. ಯಾವ ಕೋಣೆಯ ಬಾಗಿಲನ್ನೂ ಮುಚ್ಚಲು ಬಿಡುತ್ತಿರಲಿಲ್ಲ. ಸ್ಕೂಲಿನ ವ್ಯಾನ್ ಹತ್ತುವ ತನಕ ಅಜ್ಜಿಯ ಕೈ ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಪ್ರವೀಣ ತೋಟದಲ್ಲಿ ಔಷಧಿ ಹೊಡೆಸುತ್ತಿದ್ದವನು, ಮೂಗು ಬಾಯಿಗೆಲ್ಲ ಟವೆಲು ಬಿಗಿದುಕೊಂಡೇ ರೊಟ್ಟಿ ತಿನ್ನಲು ಒಳಗೆ ಬಂದ. ಚೈತ್ರ ಕೈಯಲ್ಲಿದ್ದ ತಟ್ಟೆಯನ್ನು ಬೀಳಿಸಿ ಅಲ್ಲೇ ನಿಂತಳು. ಓಡಲಿಲ್ಲ, ಕೂಗಲಿಲ್ಲ. ನಿಂತಲ್ಲೇ ಲಂಗ ಒದ್ದೆಯಾಯಿತು.

"ನಾನೇ ಕಣೇ, ಚಿಕ್ಕಪ್ಪ! ನೋಡಿಲ್ಲಿ!" ಎಂದು ಪ್ರವೀಣ ಟವೆಲು ಕಿತ್ತೆಸೆದ.

ಬೆಟ್ಟಮ್ಮನಿಗೆ ಇಷ್ಟು ಸಾಕಾಗಿತ್ತು. "ಆಯ್ತಾ ಸಮಾಧಾನ? ಮಗೀನ ಜೀವ ಹಿಂಡ್ಬುಟ್ಯಲ್ಲೋ! ಬೇಡ ಬೇಡ ಅಂತ ಬಡ್ಕೊಂಡೆ."

"ಅತ್ತಿಗೆ ಹೂಂ ಅಂದ್ರಲ್ಲವ್ವ!"

"ಅವ್ಳು ಯಾವುದಕ್ಕೆ ಊಹೂಂ ಅಂತಾಳೆ? ಮನೆಗೆ ಬೆಂಕಿ ಹಚ್ಲಾ ಅಂತ ಕೇಳು, ಹಚ್ಚಿ ಬಿಡಿ ಅಂತಾಳೆ."

ಪುಷ್ಪಾ ನೆಲ ಒರೆಸುತ್ತಿದ್ದಳು. ಮಾತು ಕಿವಿಗೆ ಬಿತ್ತು. ನಾಟಬೇಕಾದ ಮಾತೇ, ಆದರೆ ನಾಟಲಿಲ್ಲ.

ಆಮೇಲೆ ಇಬ್ಬರೂ ತಮ್ಮ ತಮ್ಮ ಔಷಧಿ ಶುರುಮಾಡಿದರು. ಬೆಟ್ಟಮ್ಮ ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಇಡೀ ಮನೆ ಕೆಮ್ಮಿತು. ಪ್ರವೀಣ ಹಗಲು ಹೊತ್ತಿನಲ್ಲಿ ಕಿಟಕಿಯೆಲ್ಲ ತೆಗೆದಿಟ್ಟು ಅದೇ ಸಿನಿಮಾ ಹಾಕಿ, ನಡುನಡುವೆ ನಿಲ್ಲಿಸಿ ವಿವರಿಸಿದ. "ನೋಡು, ಇದು ಬಣ್ಣ. ಇದು ರಬ್ಬರು. ಕೆಲ್ಸ ಮುಗಿದ್ಮೇಲೆ ಇವನೂ ಹೋಗಿ ಟೀ ಕುಡೀತಾನೆ. ಇವ್ರು ಯಾರೂ ಸತ್ತೋರಲ್ಲ ಕಣೇ, ಸತ್ತಂಗೆ ಆಡ್ತಾರೆ ಅಷ್ಟೇ."

"ನಿಜವಾಗ್ಲೂ ಸತ್ತೋರು ಹೆಂಗೆ ಬರ್ತಾರೆ?" ಎಂದು ಕೇಳಿದಳು ಚೈತ್ರ.

ಪ್ರವೀಣನ ಪಾಠದಲ್ಲಿ ಆ ಪ್ರಶ್ನೆ ಇರಲಿಲ್ಲ. ಅವನು ಪ್ಲೇಯರ್ ಆರಿಸಿ ತೋಟಕ್ಕೆ ಹೊರಟುಹೋದ.

ಅದೇ ಪ್ರಶ್ನೆ ಮರುದಿನ ಜಡೆ ಹೆಣೆಯುವಾಗ ಪುಷ್ಪಾಳ ಬಳಿಗೆ ಬಂತು. ವ್ಯಾನಿಗೆ ಹೊತ್ತಾಗುತ್ತಿತ್ತು. ರಿಬ್ಬನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಪುಷ್ಪಾ ಅದನ್ನು ಕೈಗೆ ತೆಗೆದುಕೊಂಡು ಹೇಳಿದಳು: "ಸತ್ತೋರು ಬರಲ್ಲ."

"ಒಬ್ರೂ ಬರಲ್ವಾ?"

"ಒಬ್ರೂ ಬರಲ್ಲ. ಯಾವತ್ತೂ ಬರಲ್ಲ. ಎಷ್ಟು ಕರೆದ್ರೂ ಬರಲ್ಲ. ತಲೆ ಆಡಿಸ್ಬೇಡ."

ಚೈತ್ರ ತಲೆ ಆಡಿಸದೆ ಕೂತಳು. ಅಂದಿನಿಂದ ಬಚ್ಚಲಿಗೆ ಒಬ್ಬಳೇ ಹೋಗತೊಡಗಿದಳು, ರೊಟ್ಟಿಗೆ ಮೊದಲಿನಂತೆ ಬೆಣ್ಣೆ ಕೇಳಿದಳು. ಬೆಟ್ಟಮ್ಮ ತಮ್ಮ ಮೆಣಸಿನಕಾಯಿ ಕೆಲಸ ಮಾಡಿತೆಂದರು, ಪ್ರವೀಣ ತನ್ನ ಪಾಠ ಕೆಲಸ ಮಾಡಿತೆಂದ.  ತಾನು ಏನು ಹೇಳಿದೆನೆಂದು ಪುಷ್ಪಾ ಇನ್ನೂ ಯೋಚಿಸಿರಲೇ ಇಲ್ಲ.

ಅಷ್ಟರಲ್ಲಿ ಪಕ್ಷದ ಹಬ್ಬ ಹತ್ತಿರ ಬಂತು. ಹಿರಿಯರಿಗೆ ಎಡೆ ಇಡುವ ಹಬ್ಬ ಅದು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ, ಬಾಳೆಲೆಯ ಮೇಲೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಮನೆಯವರೆಲ್ಲ ಹೊರಗೆ ಬಂದು ಕೋಣೆಯ ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಬಿಡಬೇಕು. ಆಮೇಲೆ ಬಾಗಿಲು ತೆಗೆದು, ಅದೇ ಊಟವನ್ನು ಮನೆಯವರು ಉಣ್ಣಬೇಕು. ಹೋದ ವರ್ಷ ಸಾವಿನ ಮನೆಯೆಂದು ಹಬ್ಬ ಮಾಡಿರಲಿಲ್ಲ. ಪ್ರತಾಪನಿಗೆ ಇದೇ ಮೊದಲ ಎಡೆ.

ಬೆಟ್ಟಮ್ಮನಿಗೆ ಎಲ್ಲಿಲ್ಲದ ಉತ್ಸಾಹ ಬಂದಿತ್ತು. ಮಂಡಿ ನೋವನ್ನು ಮರೆತು ಅಟ್ಟದ ಪಾತ್ರೆ ಇಳಿಸಿದರು, ಗೋಡೆ ಒರೆಸಿದರು, ಹುಂಜವನ್ನು ಬುಟ್ಟಿಯಡಿ ಕವುಚಿ ಮೇಯಿಸಿದರು. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು. "ಕಡುಬು ಮೆತ್ತಗೆ ಆಗ್ಬೇಕು, ಗಟ್ಟಿ ಆದ್ರೆ ನನ್ ಮಗ ಮುಟ್ಟಲ್ಲ. ಕೋಳಿ ಕಾಲಿನ ತುಂಡು ಅವಂಗೇ ಇಡ್ಬೇಕು. ಒಂದು ಲೋಟ ಕಾಫಿ, ಹಾಲು ಹಾಕ್ಬೇಡಿ. ಒಂದು ವರ್ಷದಿಂದ ಹಸ್ಕೊಂಡವ್ನೆ, ಹೊಟ್ಟೆ ತುಂಬ ಉಂಡು ಹೋಗ್ಲಿ."

"ಯಾರು ಅಜ್ಜಿ?" ಎಂದಳು ಚೈತ್ರ.

"ನಿಮ್ಮಪ್ಪ ಕಣೇ, ಚಿನ್ನ. ಹಬ್ಬದ ದಿನ ಬರ್ತಾನೆ."

ಚೈತ್ರಳ ಕೈ ತಟ್ಟೆಯಲ್ಲೇ ನಿಂತಿತು. "ಬರಲ್ಲ. ಸತ್ತೋರು ಯಾರೂ ಬರಲ್ಲ. ಎಷ್ಟು ಕರೆದ್ರೂ ಬರಲ್ಲ. ಅಮ್ಮ ಹೇಳವ್ಳೆ."

ಒಲೆಯ ಮೇಲೆ ಹಾಲು ಸೀದ ವಾಸನೆ ಬಂತು. ಯಾರೂ ಏಳಲಿಲ್ಲ.

"ಹಂಗಂದ್ಯಾ ಪುಷ್ಪ?" ಬೆಟ್ಟಮ್ಮನ ದನಿ ತಗ್ಗಿತ್ತು. "ನನ್ ಮಗ ಬರಲ್ಲ ಅಂದ್ಯಾ?"

"ಮಗು ಹೆದ್ರಿತ್ತು ಅತ್ತೆ."

"ಮಗು ಹೆದ್ರಿತ್ತು ಅಂತ ಅವನ ಮನೆ ಬಾಗ್ಲನ್ನ ಅವಂಗೇ ಹಾಕ್ಬುಟ್ಯಾ? ಒಂದು ವರ್ಷ ನಾನು ಈ ಹಬ್ಬಕ್ಕೆ ಅಂತ ಜೀವ ಹಿಡ್ಕೊಂಡಿವ್ನಿ. ಈಗ ಹೇಳು ಮಗೀಗೆ. ನಿಮ್ಮಪ್ಪ ಬರ್ತಾರೆ ಅಂತ ನನ್ ಮುಂದೆ ಹೇಳು."

ಬರುತ್ತಾರೆ ಎಂದರೆ ಮಗಳು ನಾಳೆಯಿಂದ ಮತ್ತೆ ಬಚ್ಚಲಿಗೆ ಹೋಗಲಾರಳು. ಬರುವುದಿಲ್ಲ ಎಂದರೆ ಅತ್ತೆ ಅನ್ನ ಬಿಡುತ್ತಾರೆ. ಪುಷ್ಪಾ ಎದ್ದು ಹಾಲಿನ ಪಾತ್ರೆ ಇಳಿಸಿದಳು. ಅವಳು ಬಾಯಿ ತೆರೆಯದಿದ್ದುದೇ ಉತ್ತರವಾಯಿತು.

ಬೆಟ್ಟಮ್ಮ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ಅಂದಿನಿಂದ ಗಂಜಿ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಸೊಸೆಯ ಜೊತೆ ಮಾತು ಬಿಟ್ಟರು, ಆದರೆ ಹಬ್ಬದ ಕೆಲಸ ಇಬ್ಬರೂ ಸೇರಿಯೇ ಮಾಡಬೇಕಿತ್ತು. ಹಾಗಾಗಿ ಮಾತೆಲ್ಲ ಚೈತ್ರಳ ಮೂಲಕ ಓಡಾಡಿತು. "ನಿಮ್ಮಮ್ಮಂಗೆ ಹೇಳು, ಉದ್ದಿನಬೇಳೆ ನೆನೆ ಹಾಕ್ಬೇಕಂತೆ ಅಂತ." "ಅಜ್ಜಿಗೆ ಹೇಳು, ಹಾಕಾಗೈತೆ ಅಂತ." ಮೂವರೂ ಒಂದೇ ಒಲೆಯ ಮುಂದೆ ಕೂತಿರುತ್ತಿದ್ದರು.

ಪ್ರವೀಣ ಹಿತ್ತಲಿಗೆ ಬಂದು ಅತ್ತಿಗೆಗೆ ಒಂದು ಉಪಾಯ ಹೇಳಿದ. "ಹಬ್ಬದ ದಿನ ಚೈತ್ರನ್ನ ಸುಮಿತ್ರಮ್ಮೋರ ಮನೆಗೆ ಕಳ್ಸಿಬಿಡಾಣ. ಅವ್ವ ಅವಳ ಪಾಡಿಗೆ ಎಡೆ ಇಟ್ಕೊಳ್ಲಿ. ಮಗೂಗೂ ಹೆದ್ರಿಕೆ ಇಲ್ಲ. ಅವತ್ತೂ ಹಂಗೇ ಮಾಡಿದ್ವಲ್ಲ."

ಅವತ್ತು ಎಂದರೆ ಪ್ರತಾಪನನ್ನು ಮನೆಗೆ ತಂದ ದಿನ. ಪುಷ್ಪಾ ಯೋಚಿಸಿ ಹೇಳುತ್ತೇನೆ ಎಂದಳು. ಅವಳು ಯಾವುದನ್ನಾದರೂ ಯೋಚಿಸುತ್ತೇನೆ ಎಂದು ಹೇಳಿ ವರ್ಷವಾಗಿತ್ತು.

ಸಂಜೆ ಕಡುಬಿಗೆ ಅಕ್ಕಿತರಿ ಜರಡಿ ಹಿಡಿಯುತ್ತ ಮಗಳನ್ನು ಕೇಳಿದಳು: "ಹಬ್ಬದ ದಿನ ಶೃತಿ ಮನೇಗೆ ಹೋಗಿರ್ತೀಯಾ?"

"ಊಹೂಂ. ಅಲ್ಲಿಂದ ಕಾಣ್ತೈತೆ."

"ಏನು ಕಾಣ್ತೈತೆ?"

"ನಮ್ಮನೆ ಅಂಗಳ. ಅವರ ಅಟ್ಟದ ಕಿಟಕಿಯಿಂದ. ಅವತ್ತು ನಾನೂ ಶೃತಿನೂ ನೋಡಿದ್ವಿ. ಅಪ್ಪನ್ನ ಚಾಪೆ ಮೇಲೆ ಮಲಗ್ಸಿದ್ರು. ಮುಖಕ್ಕೆಲ್ಲ ಬಿಳಿ ಬಟ್ಟೆ ಸುತ್ತಿದ್ರು."

ಪುಷ್ಪಾಳ ಕೈಯಲ್ಲಿ ಜರಡಿ ನಿಂತಿತು.

"ಅಮ್ಮ, ಒಂದು ವೇಳೆ ಬಂದ್ರೆ ಆ ಬಟ್ಟೆ ಸುತ್ಕೊಂಡೇ ಬರ್ತಾರಾ? ಒಳಗೆ ಮುಖ ಹೆಂಗಿತ್ತು? ನೀನು ನೋಡಿದ್ಯಾ?"

"ಇಲ್ಲ."

"ಯಾಕೆ?"

"ನೋಡ್ಬೇಡ ಅಂದ್ರು. ಮೊದ್ಲಿನ ಮುಖಾನೇ ನೆನಪಲ್ಲಿ ಇಟ್ಕೊ, ನೋಡಿದ್ರೆ ತಡ್ಕೊಳಕ್ಕೆ ಆಗಲ್ಲ ಅಂದ್ರು."

"ನಿಂಗೂ ಬೇಡ ಅಂದ್ರಾ?" ಚೈತ್ರಳಿಗೆ ಇದು ಆಶ್ಚರ್ಯ. ಬೇಡ ಎನ್ನುವುದು ಮಕ್ಕಳಿಗೆ ಮಾತ್ರ ಎಂದು ಅವಳು ತಿಳಿದಿದ್ದಳು. "ನೀನು ದೊಡ್ಡೋಳಲ್ವಾ?"

ಪುಷ್ಪಾ ಜರಡಿಯನ್ನು ಕೆಳಗಿಟ್ಟಳು. ಅವತ್ತು ಬಟ್ಟೆಯ ಅಂಚು ಅವಳ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಹಿರಿಯರೊಬ್ಬರು ಅವಳ ಕೈ ಹಿಡಿದು ಹಿಂದಕ್ಕೆ ತಂದಿದ್ದರು. ಆ ಕೈ ಹಾಗೆಯೇ ಹಿಂದಕ್ಕೆ ಬಂದಿತ್ತು. ಮಗಳು ಕಿಟಕಿಯಲ್ಲಿ, ತಾನು ಚಾಪೆಯ ಪಕ್ಕದಲ್ಲಿ, ಇಬ್ಬರೂ ಕಂಡದ್ದು ಅದೇ ಬಿಳಿ ಬಟ್ಟೆ. ಮಗಳಾದರೂ ಹೆದರಿಕೊಂಡಿದ್ದಳು. ತನಗೆ ಅದೂ ಆಗಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು.

"ಎಲ್ಲಿಗೂ ಹೋಗ್ಬೇಡ. ಮನೇಲೇ ಇರು," ಎಂದಳು.

ಹಬ್ಬದ ದಿನ ಬೆಳಗಿನಿಂದ ಒಲೆ ಆರಲಿಲ್ಲ. ಹುಂಜ ಕೊಯ್ದಾಯಿತು, ಮಸಾಲೆ ಅರೆದಾಯಿತು, ಕಡುಬು ಬೆಂದಾಯಿತು. ಬೆಟ್ಟಮ್ಮ ತೀರಿಹೋದ ತಮ್ಮ ಗಂಡ ಕರಿಯಪ್ಪನಿಗೊಂದು, ಮಗನಿಗೊಂದು ಎಲೆ ಹಾಕಿ, ಎರಡು ಪಂಚೆ, ಒಂದು ಹೊಸ ಶರಟು ಇಟ್ಟರು. ಪ್ರತಾಪನ ಎಲೆಯಲ್ಲಿ ಕೋಳಿ ಕಾಲಿನ ತುಂಡನ್ನು ಎದ್ದು ಕಾಣುವಂತೆ ಅನ್ನದ ಮೇಲೆ ಇಟ್ಟರು. ಧೂಪ ಹಾಕಿದರು. ಎಲ್ಲರೂ ಕೈಮುಗಿದು ಹೊರಗೆ ಬಂದ ಮೇಲೆ ಪ್ರವೀಣ ಬಾಗಿಲು ಎಳೆದುಕೊಂಡ.

ಜಗಲಿಯಲ್ಲಿ ನಾಲ್ಕೂ ಜನ ಕೂತರು. ಬೆಟ್ಟಮ್ಮ ಗೋಡೆಗೆ ಕಿವಿ ಕೊಟ್ಟಿದ್ದರು. ದಿನಗಟ್ಟಲೆ ಗಂಜಿ ಕುಡಿದು ಅವರ ಮುಖ ಇಳಿದುಹೋಗಿತ್ತು. ಚೈತ್ರ ಅಜ್ಜಿಯ ಮುಖ ನೋಡುವುದು, ಬಾಗಿಲು ನೋಡುವುದು, ಮತ್ತೆ ಅಜ್ಜಿಯ ಮುಖ ನೋಡುವುದು.

ಪ್ರವೀಣ ಎದ್ದು ಗಂಟಲು ಸರಿಮಾಡಿಕೊಂಡು, ಒಳಗಿನ ಹಿರಿಯರಿಗೆ ತಿಳಿಯಲೆಂದು ಬಾಗಿಲು ತಟ್ಟಿ ತೆಗೆದ. ಬೆಟ್ಟಮ್ಮ ಏಳಲು ಹೋದರು, ಮಂಡಿ ಕೇಳಲಿಲ್ಲ. ಗೋಡೆ ಹಿಡಿದು ಅಲ್ಲೇ ಕೂತರು. "ಏನಾದ್ರೂ ಮುಟ್ಟವ್ನಾ ನೋಡ್ರೋ. ಯಾರಾದ್ರೂ ಹೋಗಿ ನೋಡ್ರೋ."

"ನಾನು ನೋಡ್ತೀನಿ," ಎಂದು ಚೈತ್ರ ಎದ್ದಳು.

"ಬೇಡ ಕಣೇ, ಆಮೇಲೆ ಮತ್ತೆ ಹೆದ್ರಿಕೊಂಡು..." ಎಂದು ಪ್ರವೀಣ ಅಡ್ಡ ಬಂದ. "ಅತ್ತಿಗೆ, ಹೇಳ್ರೀ."

ಪುಷ್ಪಾ ಮಗಳನ್ನು ನೋಡಿದಳು.  ಹೆದರಿಕೆ ಇತ್ತು, ಇಲ್ಲವೆನ್ನುವಂತಿಲ್ಲ. ಹೆದರಿಕೊಂಡೇ ಎದ್ದು ನಿಂತಿದ್ದಳು.

"ನೋಡ್ಲಿ ಬಿಡಿ," ಎಂದಳು ಪುಷ್ಪಾ. ಈ ಸಲ ಎದ್ದು ಒಳಗೆ ಹೋಗಲಿಲ್ಲ. ಬಾಗಿಲ ತನಕ ಮಗಳ ಜೊತೆ ನಡೆದು ಹೊಸ್ತಿಲಿನ ಈಚೆ ನಿಂತಳು.

ಚೈತ್ರ ಒಬ್ಬಳೇ ಒಳಗೆ ಹೋದಳು. ಧೂಪದ ಹೊಗೆಯಲ್ಲಿ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಎಲೆಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು, ಮೂಲೆಗಳನ್ನೆಲ್ಲ ನೋಡಿದಳು, ಹೊಸ ಶರಟನ್ನು ಮುಟ್ಟಿದಳು. ಆಮೇಲೆ ಎದ್ದು ಬಂದಳು. ಬಲಗೈ ಫ್ರಾಕಿನ ಜೇಬಿನಲ್ಲಿತ್ತು.

"ಅಜ್ಜಿ! ಕಾಲಿನ ತುಂಡು ಇಲ್ಲ! ಅಪ್ಪ ತಿಂದು ಹೋಗವ್ರೆ!"

ಬೆಟ್ಟಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತರು. ಅಳುತ್ತಲೇ ನಕ್ಕರು. "ಬಂದಿದ್ದ ಕಣೋ! ನನ್ ಮಗ ಬಂದಿದ್ದ! ನಂಗೊತ್ತಿತ್ತು!" ಪ್ರವೀಣ ಒಳಗೆ ಇಣುಕಿ ನೋಡಿ, ತಿರುಗಿ ಚೈತ್ರಳ ಜೇಬು ನೋಡಿ ಬಾಯಿ ತೆರೆದ. ಪುಷ್ಪಾ ಅವನ ಕಡೆ ಒಮ್ಮೆ ನೋಡಿದಳು. ಅವನು ತೆರೆದ ಬಾಯನ್ನು ಮುಚ್ಚಿಕೊಂಡು ಎಲೆ ಹಾಕಲು ಹೋದ.

ಬೆಟ್ಟಮ್ಮ ಅಂದು ಹೊಟ್ಟೆ ತುಂಬ ಉಂಡರು. "ಪುಷ್ಪ, ಇನ್ನೊಂದು ಕಡುಬು ಹಾಕವ್ವ," ಎಂದು ಬಾಯಿತುಂಬ ಕರೆದು ಕೇಳಿದರು. ಸಾರಿಗೆ ಉಪ್ಪು ಎಷ್ಟಿತ್ತೆಂದು ಅವರೂ ಹೇಳಲಿಲ್ಲ, ಯಾರೂ ಹೇಳಲಿಲ್ಲ.

ಉಂಡಾದ ಮೇಲೆ ಪುಷ್ಪಾ ಮಗಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಫ್ರಾಕು ಬಿಚ್ಚಿದಳು. ಜೇಬಿನ ಬಟ್ಟೆಯಲ್ಲೆಲ್ಲ ಅರಿಶಿನದ ಎಣ್ಣೆ ಇಳಿದಿತ್ತು.

"ಹೆದ್ರಿಕೆ ಆಯ್ತಾ?"

"ಮೊದ್ಲು ಆಯ್ತು. ಆಮೇಲೆ ಇಲ್ಲ. ಒಳಗೆ ಯಾರೂ ಇರ್ಲಿಲ್ಲ ಅಮ್ಮ. ನೀನು ಹೇಳಿದ್ದೇ ನಿಜ."

"ಮತ್ಯಾಕೆ ಹಂಗಂದೆ?"

"ಅಜ್ಜಿ ಕಾಯ್ತಿದ್ರಲ್ಲ," ಎಂದಳು ಚೈತ್ರ. ಬೇರೆ ಲಂಗ ಸಿಕ್ಕಿಸಿಕೊಂಡು ಆಡಲು ಓಡಿಹೋದಳು.

ಪುಷ್ಪಾ ಜೇಬಿನಿಂದ ಕಾಲಿನ ತುಂಡನ್ನು ತೆಗೆದಳು. ಒಂದು ಕಡೆ ನೂಲಿನ ಎಳೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿದಳು. ಎಸೆಯಲು ಕೈ ಬರಲಿಲ್ಲ. ಇದು ಪ್ರತಾಪನ ತುಂಡು. ಅವನು ಇದಕ್ಕಾಗಿ ತಮ್ಮನ ಜೊತೆ ಜಗಳ ಆಡುತ್ತಿದ್ದ, ಗೆದ್ದು, ಕೊನೆಗೆ ಅರ್ಧ ಮುರಿದು ಅವಳ ತಟ್ಟೆಗೆ ಹಾಕುತ್ತಿದ್ದ. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅದನ್ನು ಕಚ್ಚಿದಳು.

ಉಪ್ಪು ಜಾಸ್ತಿಯಾಗಿತ್ತು. ಬಾಯಿಗೆ ಇಡಲಾಗದಷ್ಟು ಜಾಸ್ತಿಯಾಗಿತ್ತು.